ಎಲ್ಡನ್ ಪೆಶೆಕ್ಕನ ಇಂಟೆಂಟ್ ಕಾಗದ

ಎಲ್ಡನ್ ಪೆಶೆಕ್ ಕೆಟ್ಟವನಲ್ಲ, ದಡ್ಡನೂ ಅಲ್ಲ. ಎರಡು ವಸ್ತುಗಳನ್ನು ಮುಂದಿಟ್ಟು ಒಂದನ್ನು ತೆಗೆದುಕೋ ಎಂದರೆ ಮಾತ್ರ ಅವನ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಡೋಬ್ರಾ ಊರಿನ ಐಸ್‌ಕ್ರೀಮ್ ಅಂಗಡಿಯಲ್ಲಿ ಅವನ ಹಿಂದೆ ಸಾಲು ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ. ಅವನನ್ನು ಮೆಚ್ಚಿದ್ದ ಹುಡುಗಿಯೊಬ್ಬಳು, ಸಿನಿಮಾಕ್ಕೆ ಹೋಗೋಣವೋ ಊಟಕ್ಕೆ ಹೋಗೋಣವೋ ಎಂದು ಅವನು ತೀರ್ಮಾನಿಸುವಷ್ಟರಲ್ಲಿ ಬೇರೆಯವನನ್ನು ಮದುವೆಯಾಗಿ ಲಿಂಕನ್ ನಗರದಲ್ಲಿ ಮನೆ ಮಾಡಿದ್ದಳು.

ಇಂಥವನನ್ನು ಆ ವರ್ಷ ಎರಡು ವೈದ್ಯಕೀಯ ಕಾಲೇಜುಗಳು ಒಟ್ಟಿಗೇ ವೇಟಿಂಗ್ ಲಿಸ್ಟಿನಲ್ಲಿ ಇಟ್ಟವು. ಒಂದು ಪ್ಲಾಟ್ ವ್ಯಾಲಿ, ನೆಬ್ರಾಸ್ಕಾದಲ್ಲೇ. ಡೋಬ್ರಾದಲ್ಲಿ ಕೊಂಡ ಕಾಫಿ ಆರುವುದರೊಳಗೆ ಕಾರಿನಲ್ಲಿ ತಲುಪುವಷ್ಟು ಹತ್ತಿರ. ಇನ್ನೊಂದು ಲೇಕ್‌ಶೋರ್, ದೂರದ ಮಿಲ್ವಾಕಿಯಲ್ಲಿ, ಸರೋವರವನ್ನೇ ಸಮುದ್ರ ಎಂದುಕೊಂಡು ಬದುಕುವವರ ನಡುವೆ. ಎರಡೂ ಕಾಲೇಜು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಇಂಥ ತ್ರಿಶಂಕುಗಳು ಕಾಲೇಜಿಗೆ ಬರೆಯಬಹುದಾದ ಒಂದು ಕಾಗದವಿದೆ. ಲೆಟರ್ ಆಫ್ ಇಂಟೆಂಟ್ ಎಂದು ಅದರ ಹೆಸರು. 'ನೀವು ಕರೆದರೆ ಸಾಕು, ಉಳಿದೆಲ್ಲವನ್ನೂ ಬಿಟ್ಟು ನಿಮ್ಮಲ್ಲಿಗೇ ಬರುತ್ತೇನೆ' ಎಂಬುದು ಅದರ ಸಾರ. ಅದನ್ನು ಒಂದೇ ಕಾಲೇಜಿಗೆ ಬರೆಯಬೇಕು. ಎರಡಕ್ಕೂ ಬರೆದರೆ ಎರಡು ಮನೆಯಲ್ಲಿ ತಾಂಬೂಲ ಬದಲಾಯಿಸಿಕೊಂಡ ಹಾಗೆ. ಬರೆದರೆ ಸೀಟು ಸಿಗುತ್ತದೆಂಬ ಖಾತ್ರಿಯಿಲ್ಲ. ಬರೆಯದಿದ್ದರೆ ಸಿಗುವುದಿಲ್ಲವೆಂಬ ಖಾತ್ರಿಯೂ ಇಲ್ಲ. ಎಲ್ಡನ್ ಪೆಶೆಕ್ಕನನ್ನು ಕೊಲ್ಲಲೆಂದೇ ಯಾರೋ ಕೂತು ಯೋಚಿಸಿ ಮಾಡಿದಂತಿತ್ತು ಈ ಏರ್ಪಾಡು.

ಲೇಕ್‌ಶೋರಿನವರು ತಮ್ಮ ಜಾಲತಾಣದಲ್ಲಿ 'ದಯವಿಟ್ಟು ಇನ್ನೇನನ್ನೂ ಕಳಿಸಬೇಡಿ' ಎಂದು ಹಾಕಿದ್ದರು. ಪ್ಲಾಟ್ ವ್ಯಾಲಿಯವರು 'ಇಷ್ಟವಿದ್ದರೆ ಕಳಿಸಬಹುದು' ಎಂದಿದ್ದರು. ಈ 'ಇಷ್ಟವಿದ್ದರೆ' ಎಂಬ ಪದ ಎಲ್ಡನ್ನನ ಊಟ ನಿದ್ದೆ ಎರಡನ್ನೂ ತಿಂದುಹಾಕಿತು. ಹಳೆಯ ಕಾಲೇಜಿನ ಸಲಹೆಗಾರರಿಗೆ ಫೋನು ಮಾಡಿದ. ಅವರು ಬಹಳ ಹೊತ್ತು ಮಾತಾಡಿ ಕೊನೆಗೆ, "ಅದು ನಿಮಗೇ ಬಿಟ್ಟಿದ್ದು" ಅಂದರು. ಅಷ್ಟು ಹೇಳಲು ಸಂಬಳ ಕೊಡುತ್ತಾರೆಂದು ಗೊತ್ತಿದ್ದರೆ ತಾನೂ ಆ ಕೆಲಸಕ್ಕೇ ಸೇರುತ್ತಿದ್ದೆನಲ್ಲ ಎಂದು ಎಲ್ಡನ್‌ಗೆ ಅನಿಸಿತು.

ಮನೆಯಲ್ಲಿ ಈ ವೇಟಿಂಗ್ ಲಿಸ್ಟಿನ ಸುದ್ದಿಯನ್ನು ಅವನು ಹೇಳಿರಲಿಲ್ಲ. ಸುಳ್ಳನ್ನೂ ಹೇಳಿರಲಿಲ್ಲ. ಯಾರಾದರೂ ಕೇಳಿದರೆ, "ಎರಡು ಕಾಲೇಜು ನನ್ನನ್ನ ಕೈಬಿಟ್ಟಿಲ್ಲ" ಅನ್ನುತ್ತಿದ್ದ. ಅಕ್ಷರಶಃ ನಿಜ. ಹೇಳುವಾಗ ಎದೆಯನ್ನು ಸ್ವಲ್ಪ ಮುಂದಕ್ಕೆ ತರುತ್ತಿದ್ದ, ಅದೊಂದೇ ತಪ್ಪು.

ಭಾನುವಾರ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಅಮ್ಮ ಡೊರೀನ್ ಶಾಲೆಯ ಬಸ್ಸು ಓಡಿಸುವವಳು. ಹಿಂದಿನ ಸೀಟಿನ ತುಂಟರಿಗೆ ಕೇಳುವಂತೆ ಮಾತಾಡಿ ಮಾತಾಡಿ, ಉಪ್ಪು ಕೊಡು ಅನ್ನುವುದನ್ನೂ ಅದೇ ಸ್ವರದಲ್ಲಿ ಹೇಳುತ್ತಿದ್ದಳು. ಅವಳ ಅಣ್ಣ ಗ್ಲೆನ್ ಕೂಡ ಬಂದಿದ್ದ. ಮೇಜಿನ ಮೇಲೆ ಹಂದಿಮಾಂಸದ ರೋಸ್ಟು, ಹಿಟ್ಟಿನ ಉಂಡೆಯಂಥ ಡಂಪ್ಲಿಂಗು, ಹುಳಿ ಕೋಸು.

"ಯಾಕೋ ಮುಖ ಇಳಿಬಿಟ್ಕೊಂಡು ಕೂತಿದೀಯ? ಡಂಪ್ಲಿಂಗ್ ಗಟ್ಟಿಯಾಯ್ತಾ?" ಅಂದಳು ಡೊರೀನ್.

"ಇಲ್ಲಮ್ಮ. ಲೆಟರ್ ಆಫ್ ಇಂಟೆಂಟ್ ಕಳಿಸ್ಲೋ ಬೇಡ್ವೋ ಅಂತ ಯೋಚನೆ" ಅಂದ ಎಲ್ಡನ್, ಡಂಪ್ಲಿಂಗನ್ನು ಬಾಯಿಗೆ ತುಂಬಿಕೊಳ್ಳುತ್ತ.

ಗ್ಲೆನ್ ಮಾವನ ಫೋರ್ಕು ಠಣ್ ಎಂದು ತಟ್ಟೆಗೆ ಬಿತ್ತು.

ಗ್ಲೆನ್ ಮಾವ ಡೋಬ್ರಾ ಶಾಲೆಯ ಫುಟ್‌ಬಾಲ್ ಕೋಚಾಗಿದ್ದು ನಿವೃತ್ತನಾದವನು; ಚೆಂಡನ್ನು ಕೈಯಲ್ಲೇ ಹಿಡಿದು ಓಡುವ ಅಮೆರಿಕದ ಫುಟ್‌ಬಾಲು. ಫುಟ್‌ಬಾಲಿನಲ್ಲೂ ಇದೇ ಹೆಸರಿನ ಒಂದು ಕಾಗದವಿದೆ, ಆದರೆ ಅದರ ದಿಕ್ಕೇ ಬೇರೆ. ಅಲ್ಲಿ ದೊಡ್ಡ ದೊಡ್ಡ ಕಾಲೇಜುಗಳೇ ಆಟಗಾರನ ಮನೆಬಾಗಿಲಿಗೆ ಬಂದು 'ನಮ್ಮಲ್ಲಿಗೆ ಬಾಪ್ಪಾ' ಎಂದು ಗೋಗರೆಯುತ್ತವೆ. ಆಮೇಲೆ ಶಾಲೆಯ ಜಿಮ್ ಎಂಬ ಒಳಾಂಗಣ ಮೈದಾನದಲ್ಲಿ ಮೇಜು ಹಾಕಿ, ಕಾಲೇಜಿಗೊಂದರಂತೆ ಟೋಪಿಗಳನ್ನಿಟ್ಟು, ಊರೆಲ್ಲ ಸೇರಿಸುತ್ತಾರೆ. ಹುಡುಗ ಒಂದು ಟೋಪಿಯನ್ನೆತ್ತಿ ತಲೆಗಿಟ್ಟುಕೊಂಡು, ಲೆಟರ್ ಆಫ್ ಇಂಟೆಂಟಿಗೆ ಸಹಿ ಹಾಕುತ್ತಾನೆ. ಬ್ಯಾಂಡು, ಚಪ್ಪಾಳೆ, ಕಣ್ಣೀರು. ಸುತ್ತಲಿನ ಊರುಗಳಲ್ಲೆಲ್ಲ ಇದು ನಡೆದಿತ್ತು. ಗ್ಲೆನ್ ಮಾವ ತರಬೇತಿ ಕೊಟ್ಟ ಹುಡುಗರಲ್ಲಿ ಒಬ್ಬನಿಗೂ, ಒಂದು ವರ್ಷವೂ, ಅಂಥ ಕಾಗದ ಬಂದಿರಲಿಲ್ಲ.

"ಲೋ ಅಳಿಯ, ಇನ್ನೊಂದ್ ಸಲ ಹೇಳು. ಏನ್ ಕಾಗದ?"

"ಲೆಟರ್ ಆಫ್ ಇಂಟೆಂಟ್. ಆದ್ರೆ ಮಾವ, ಇದು ಆ..."

"ಎಷ್ಟು ಕಾಲೇಜು?"

"ಎರಡು. ಪ್ಲಾಟ್ ವ್ಯಾಲಿ, ಮಿಲ್ವಾಕಿಯ ಲೇಕ್‌ಶೋರ್. ಆದ್ರೆ..."

"ಎರಡು!" ಮಾವ ಎದ್ದು ನಿಂತ. "ಡೊರೀನ್, ಕೇಳಿಸ್ಕೊಂಡ್ಯಾ? ನಮ್ ಹುಡುಗನ್ನ ಎರಡು ಕಾಲೇಜು ಹಿಡ್ಕೊಂಡು ಎಳೆದಾಡ್ತಿವೆ, ಈ ಬಡ್ಡೀಮಗ ಹುಳಿ ಕೋಸು ತಿಂತಾ ಕೂತಿದಾನೆ! ಫುಟ್‌ಬಾಲ್ ಆದ್ರೇನು, ಡಾಕ್ಟ್ರಿಕೆ ಆದ್ರೇನು? ಕಾಗದ ಕಾಗದಾನೇ!"

ಎಲ್ಡನ್ ಆಗಲೇ ಡಂಪ್ಲಿಂಗನ್ನು ಉಗಿದಾದರೂ ನಿಜ ಹೇಳಬೇಕಿತ್ತು. ಆದರೆ ಡೊರೀನ್ ಪೆಶೆಕ್ ಮಾಡಿದ ಡಂಪ್ಲಿಂಗನ್ನು ಅವಳ ಮುಂದೆಯೇ ಉಗಿಯುವ ಧೈರ್ಯ ಆ ಜಿಲ್ಲೆಯಲ್ಲಿ ಯಾರಿಗೂ ಇರಲಿಲ್ಲ. ನುಂಗಿ ತಲೆಯೆತ್ತುವಷ್ಟರಲ್ಲಿ ಮಾವನ ಕಣ್ಣು ಒದ್ದೆಯಾಗಿತ್ತು. ಡೊರೀನ್ ಮಗನನ್ನು ಒಂದು ಥರಾ ನೋಡಿ, ಇನ್ನೊಂದು ಡಂಪ್ಲಿಂಗನ್ನು ಅವನ ತಟ್ಟೆಗೆ ಹಾಕಿದಳು.

ಮಾರನೆಯ ಬೆಳಿಗ್ಗೆ ಧಾನ್ಯದ ಸೊಸೈಟಿಯ ಮುಂದಿನ ದೀಪದ ಫಲಕದಲ್ಲಿ, ಜೋಳದ ಬೆಲೆಗೂ ಹವಾಮಾನಕ್ಕೂ ನಡುವೆ, 'ಎಲ್ಡನ್ ಪೆಶೆಕ್‌ಗೆ ಅಭಿನಂದನೆ! ಶುಕ್ರವಾರ ಸಂಜೆ ಜಿಮ್ಮಿನಲ್ಲಿ ಟೋಪಿ ಆಯ್ಕೆ' ಎಂದು ಓಡುತ್ತಿತ್ತು. ಅದನ್ನು ನೋಡಿದ ಎಲ್ಡನ್ ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಹಾರ್ನು ಕೂಗಿತು. ಅವನು ಸಂತೋಷಕ್ಕೆ ಹಾರ್ನು ಹೊಡೆದನೆಂದು ಎದುರಿಗಿದ್ದ ಟ್ರಕ್ಕಿನವನೂ ಹೊಡೆದ.

ಆ ಟ್ರಕ್ಕಿನವನು ಲೆಸ್ಟರ್ ಜೆಲೆನಿ, ಊರಾಚೆ ಹಂದಿ ಸಾಕುವವನು. ಟ್ರಕ್ಕನ್ನು ರಸ್ತೆಯ ನಡುವೆಯೇ ನಿಲ್ಲಿಸಿ ಇಳಿದು ಬಂದು, ಒಂದು ಬೂಟು ಬಿಚ್ಚಿ, ಪಾದವನ್ನು ಎಲ್ಡನ್ನನ ಕಾರಿನ ಕಿಟಕಿಯ ಮೇಲಿಟ್ಟ.

"ಡಾಕ್ಟ್ರೇ, ಈ ಹೆಬ್ಬೆರಳು ಒಸಿ ನೋಡಿ."

"ಲೆಸ್ಟರಣ್ಣ, ನಾನಿನ್ನೂ ಡಾಕ್ಟ್ರಲ್ಲ."

"ಎರಡು ಕಾಲೇಜು ಬಿದ್ದು ಸಾಯ್ತಿರೋವಾಗ ಇನ್ನೇನು ಬಾಕಿ? ಮಿಲ್ವಾಕಿಗೆ ಹೋಗ್ಬೇಡ ನೋಡು. ಅಷ್ಟು ದೂರ ಈ ಬೆರಳು ಎತ್ಕೊಂಡ್ ಬರಕ್ಕಾಗಲ್ಲ ನಂಗೆ."

ಮಧ್ಯಾಹ್ನದ ಹೊತ್ತಿಗೆ ಊರು ಎರಡು ಪಕ್ಷವಾಗಿತ್ತು. ಗ್ಲೆನ್ ಮಾವ ಕಾಲೇಜುಗಳ ಬಣ್ಣಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ತೆಗೆದಿದ್ದ: ಪ್ಲಾಟ್ ವ್ಯಾಲಿ ಹಸಿರು, ಲೇಕ್‌ಶೋರ್ ಮರೂನು. ಹತ್ತಿರವೇ ಇರಲಿ ಅನ್ನುವವರು ಹಸಿರಾದರು. ಹೆಸರು ದೊಡ್ಡದಿರಲಿ ಅನ್ನುವವರು ಮರೂನಾದರು. ಒಂದೇ ಮನೆಯಲ್ಲಿ ಗಂಡ ಹಸಿರು ಹೆಂಡತಿ ಮರೂನು ಆಗಿ, ಅಡುಗೆಯೇ ಆಗದ ಉದಾಹರಣೆಯೂ ಇತ್ತು.

ಇದ್ಯಾವುದೂ ತಿಳಿಯದ ಎಲ್ಡನ್ ಕಾಫಿ ಕುಡಿಯಲು ಆಗ್ನೆಸ್ ಕ್ರಾಲ್ ಅವರ ಬೇಕರಿಗೆ ಹೋದ. ಆಗ್ನೆಸ್ ಎರಡು ತಟ್ಟೆಗಳನ್ನು ತಂದು ಅವನ ಮುಂದಿಟ್ಟರು. ಒಂದರಲ್ಲಿ ಹಸಿರು ನೆಲ್ಲಿಯಂಥ ಗೂಸ್‌ಬೆರಿ ಹಣ್ಣು ತುಂಬಿದ ಕೊಲಾಚೆ ಬನ್ನು, ಇನ್ನೊಂದರಲ್ಲಿ ಪ್ಲಮ್ ಹಣ್ಣಿನ ಮರೂನು ಕೊಲಾಚೆ.

"ಯಾವ್ದು ತಗೋತೀಯಪ್ಪ?" ಎಂದು ಆಗ್ನೆಸ್ ಮೆಲ್ಲಗೆ ಕೇಳಿದರು. ಬೇಕರಿಯಲ್ಲಿ ಚಮಚದ ಸದ್ದೂ ನಿಂತಿತು. ಮೂಲೆಯಲ್ಲಿ ಇಸ್ಪೀಟಾಡುತ್ತಿದ್ದವರು ಎಲೆಗಳನ್ನು ಕೆಳಗಿಟ್ಟರು.

ಎಲ್ಡನ್ನನ ಕೈ ಹಸಿರಿನ ಕಡೆ ಹೋಯಿತು. ಯಾರೋ ಉಸಿರೆಳೆದುಕೊಂಡರು. ಮರೂನಿನ ಕಡೆ ಹೊರಳಿತು. ಇನ್ಯಾರೋ ಕೆಮ್ಮಿದರು.

"ಬರೀ ಕಾಫಿ ಸಾಕು" ಅಂದ.

ಸಂಜೆಯೊಳಗೆ ಊರಲ್ಲಿ ಸುದ್ದಿ: ಮೂರನೆಯ ಕಾಲೇಜೂ ಇದೆಯಂತೆ. ಬಣ್ಣ ಕಂದು.

ಗ್ಲೆನ್ ಮಾವನ ಫೋನು ಬಂತು. "ಏನೋ, ನನ್ನ ಹತ್ರಾನೂ ಮುಚ್ಚಿಡೋದಾ? ಮೂರನೇದು ಯಾವ್ದು ಹೇಳು. ಟೋಪಿ ಮೇಲೆ ಹೆಸರು ಹೊಲಿಸ್ಬೇಕು."

"ಮಾವಾ, ಅದು ಕಾಫಿ!"

"ಕಾಫಿ? ಎಲ್ಲಿದೆ ಅದು, ಕಾನ್ಸಾಸಲ್ಲಾ?"

ಎಲ್ಡನ್ ಫೋನನ್ನು ಕೆಳಗಿಟ್ಟು ಗೋಡೆಯನ್ನು ನೋಡುತ್ತ ಕೂತ. ಅಸಲು ಪ್ರಶ್ನೆ ಇನ್ನೂ ಹಾಗೇ ಇತ್ತು. ಕಾಗದವನ್ನು ಬರೆದಿಟ್ಟಿದ್ದ, ಕಾಲೇಜಿನ ಹೆಸರಿರಬೇಕಾದ ಜಾಗ ಮಾತ್ರ ಖಾಲಿ. ಪ್ಲಾಟ್ ವ್ಯಾಲಿಗೆ ಕಳಿಸಿದರೆ ಲೇಕ್‌ಶೋರನ್ನು ಒಳಗೊಳಗೇ ಬಿಟ್ಟುಕೊಟ್ಟಂತೆ. ಲೇಕ್‌ಶೋರಿಗೆ ಕಳಿಸಿದರೆ, ಕಳಿಸಬೇಡ ಅಂದರೂ ಕಳಿಸಿದ ಎಂದು ಕಸದಬುಟ್ಟಿಗೆ. ಯಾರಿಗೂ ಕಳಿಸದಿದ್ದರೆ, ಈ ಹುಡುಗನಿಗೆ ಆಸೆಯೇ ಇಲ್ಲ ಎಂದುಕೊಂಡರೆ? ಕಳೆದ ವರ್ಷ ಯಾರೂ ಅವನನ್ನು ಲಿಸ್ಟಿನಲ್ಲೂ ಇಟ್ಟಿರಲಿಲ್ಲ. ಮುಂದಿನ ವರ್ಷ ಇಡುತ್ತಾರೆಂದು ನಂಬಿಕೆಯಿಲ್ಲ.

ಅವನು ಕೆಲಸ ಮಾಡುತ್ತಿದ್ದುದು ಊರಿನ ಒಬ್ಬರೇ ಡಾಕ್ಟರಾದ ಟ್ರೂಡಿ ಹಾವ್ಲಿಕ್ ಅವರ ಕ್ಲಿನಿಕ್ಕಿನಲ್ಲಿ. ರಕ್ತದೊತ್ತಡ ನೋಡುವುದು, ಡಾಕ್ಟರು ಹೇಳಿದ್ದನ್ನು ಟೈಪು ಮಾಡುವುದು. ಹಾವ್ಲಿಕ್ ಅವರಿಗೆ ಎಪ್ಪತ್ತು ದಾಟಿತ್ತು. ಪ್ರತಿ ಕ್ರಿಸ್‌ಮಸ್ಸಿಗೆ ನಿವೃತ್ತಿ ಘೋಷಿಸಿ, ಪ್ರತಿ ಜನವರಿಯ ಜ್ವರಕ್ಕೆ ವಾಪಸ್ಸು ಬರುತ್ತಿದ್ದರು. ಅವರಿಗೆ ನಿಜ ಗೊತ್ತಿತ್ತು.

"ಊರಿಗೆ ಹೇಳಿದ್ಯೇನೋ?"

"ಹೇಗೆ ಹೇಳೋದು ಅಂತ ಯೋಚಿಸ್ತಿದೀನಿ ಡಾಕ್ಟ್ರೇ."

"ಯೋಚಿಸು, ಯೋಚಿಸು. ನೀನು ಡಾಕ್ಟ್ರಾದ್ಮೇಲೆ ನಿನ್ನ ರೋಗಿಗಳಿಗೆ ಒಂದು ಅನುಕೂಲ. ನೀನು ಔಷಧಿ ಆರಿಸೋ ಹೊತ್ತಿಗೆ ಒಂದೋ ವಾಸಿಯಾಗಿರ್ತಾರೆ, ಇಲ್ಲಾ ಮಣ್ಣಾಗಿರ್ತಾರೆ."

ಗುರುವಾರ ಎಲ್ಡನ್ ಗಟ್ಟಿ ಮನಸ್ಸು ಮಾಡಿ ಮಾವನ ಮನೆಗೆ ಹೋದ. ಮಾವ ತನ್ನ ಹಳೆಯ ಕೋಚ್ ಕೋಟಿಗೆ ಇಸ್ತ್ರಿ ಹಾಕುತ್ತಿದ್ದ. ಹೊಟ್ಟೆಯ ಹತ್ತಿರ ಗುಂಡಿ ಸೇರುತ್ತಿರಲಿಲ್ಲ.

"ಪಕ್ಕದೂರಿನ ಕೋಚ್‌ನೂ ಕರೆದಿದೀನಿ" ಅಂದ ಮಾವ. "ಮೂರು ಸಲ ಆ ಮನುಷ್ಯ ನನ್ನನ್ನ ಅವನೂರಿನ ಸಮಾರಂಭಕ್ಕೆ ಕರೆದು ಮುಂದಿನ ಸಾಲಲ್ಲಿ ಕೂರ್ಸಿದ್ದ. ಚಪ್ಪಾಳೆ ತಟ್ಟಿ ತಟ್ಟಿ ಕೈ ನೋವು ಬಂದಿತ್ತು. ನಾಳೆ ಅವನು ತಟ್ಲಿ. ಏನೋ ಹೇಳೋಕ್ ಬಂದಿದ್ದೆ?"

"ಏನಿಲ್ಲ ಮಾವ. ಗುಂಡಿ... ಆ ಗುಂಡಿ ಹಾಕ್ಬೇಡ, ಬಿಟ್ಟಿದ್ರೇ ಚೆನ್ನಾಗಿದೆ" ಅಂದು ಎಲ್ಡನ್ ವಾಪಸ್ಸು ಬಂದ.

ಶುಕ್ರವಾರ ಜಿಮ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಡಗಡೆಯ ಪ್ರೇಕ್ಷಕರ ಮೆಟ್ಟಿಲುಗಳು ಹಸಿರು, ಬಲಗಡೆಯವು ಮರೂನು. ನಡುವೆ ಒಂದು ಸಣ್ಣ ಗುಂಪು ಕಂದು ಅಂಗಿ ತೊಟ್ಟು, ಇಲ್ಲದ ಕಾಲೇಜಿನ ಪರವಾಗಿ ಪ್ರಾಮಾಣಿಕವಾಗಿ ಕೂಗುತ್ತಿತ್ತು. ಮೇಜಿನ ಮೇಲೆ ಮೂರು ಟೋಪಿ. ಕಂದು ಟೋಪಿಯ ಮೇಲೆ ಏನು ಬರೆಸಬೇಕೋ ತಿಳಿಯದೆ ಮಾವ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಲಿಸಿದ್ದ. ಮುಂದಿನ ಸಾಲಲ್ಲಿ ಪಕ್ಕದೂರಿನ ಕೋಚು, ಅವನ ಪಕ್ಕ ಮೇಯರು, ಅವರ ಪಕ್ಕ ಹಾವ್ಲಿಕ್ ಡಾಕ್ಟರು, ಆಕಳಿಸುತ್ತ.

ಗ್ಲೆನ್ ಮಾವ ಮೈಕು ಹಿಡಿದ. "ಈ ಹುಡುಗ ನನ್ನ ತಂಡದಲ್ಲಿ ಒಂದೇ ಒಂದು ಪಂದ್ಯ ಆಡಿದ್ದ. ಚೆಂಡು ಕೈಗೆ ಬಂದಾಗ ಯಾವ ಕಡೆ ಓಡೋದು ಅಂತ ನಿಂತ್ಬಿಟ್ಟಿದ್ದ. ಇವತ್ತು ಇವನಿಗೆ ದಿಕ್ಕು ಗೊತ್ತಾಗಿದೆ! ಬಾ ಅಳಿಯ, ಆರಿಸ್ಕೋ!"

ಎಲ್ಡನ್ ಮೇಜಿನ ಹತ್ತಿರ ಹೋದ. ಕೈ ಚಾಚಿದ. ಕೈ ಗಾಳಿಯಲ್ಲಿ ನಿಂತಿತು. ಎಷ್ಟು ಹೊತ್ತಾದರೂ ಆ ಕೈ ಕೆಳಗಿಳಿಯದಿದ್ದಾಗ, ಬ್ಯಾಂಡಿನ ಮುಖ್ಯಸ್ಥ ಅದನ್ನೇ ಸನ್ನೆಯೆಂದು ತಿಳಿದು ತುತ್ತೂರಿ ಊದಿಸಿಬಿಟ್ಟ. ಜನ ಎದ್ದು ಕುಣಿದರು. ಯಾತಕ್ಕೆಂದು ಯಾರಿಗೂ ಗೊತ್ತಿರಲಿಲ್ಲ.

"ನಿಲ್ಸಿ!" ಎಂದು ಎಲ್ಡನ್ ಮೈಕಿಗೆ ಕಿರುಚಿದ. "ನನಗೆ ಸೀಟು ಸಿಕ್ಕಿಲ್ಲ! ಯಾವ ಕಾಲೇಜೂ ನನ್ನನ್ನ ಕರೆದಿಲ್ಲ! ವೇಟಿಂಗ್ ಲಿಸ್ಟಲ್ಲಿದೀನಿ! ಎರಡು ವೇಟಿಂಗ್ ಲಿಸ್ಟು! ಕಂದು ಕಾಲೇಜು ಇಲ್ವೇ ಇಲ್ಲ, ಅದು ಕಾಫಿ!"

ತುತ್ತೂರಿ ನಡುವೆಯೇ ಸತ್ತಿತು.

ಮೊದಲು ಎದ್ದವನು ಲೆಸ್ಟರ್ ಜೆಲೆನಿ. "ಹಂಗಾದ್ರೆ ಈ ಕಾಗದ ಯಾತಕ್ಕೆ?"

"ಅವರು ಕರೆದ್ರೆ ಖಂಡಿತ ಬರ್ತೀನಿ ಅಂತ ನಾನು ಬರೆಯೋದು."

"ಅವ್ರು ಕರೆದಿಲ್ಲ. ಆದ್ರೂ ಬರ್ತೀನಿ ಅಂತ ನೀನೇ ಹೇಳ್ಕಳಿಸ್ತೀಯ. ಕರೀದಿರೋ ಮನೆಗೆ ಊಟಕ್ಕೆ ಬರ್ತೀನಿ ಅಂದಂಗಲ್ವಾ ಇದು?"

"ಅದ್ರಲ್ಲೇನ್ ತಪ್ಪು ಲೆಸ್ಟರ್?" ಅಂದರು ಆಗ್ನೆಸ್. "ನೀನು ನಮ್ಮನೆಗೆ ಬರೋದೂ ಹಂಗೇ ತಾನೆ?"

ಅಲ್ಲಿಂದ ಶುರುವಾಯಿತು. ಕಳಿಸಬೇಕು ಅನ್ನುವವರೊಂದು ಕಡೆ, ಮಾನ ಉಳಿಸಿಕೋ ಅನ್ನುವವರೊಂದು ಕಡೆ. ಎರಡಕ್ಕೂ ಕಳಿಸು, ಯಾರು ನೋಡ್ತಾರೆ ಅಂತ ಮೇಯರು. ಕಾಗದದ ಜೊತೆ ಹಂದಿಯ ತೊಡೆಮಾಂಸವನ್ನೂ ಕಳಿಸು ಅಂತ ಲೆಸ್ಟರ್. ಕಂದು ಅಂಗಿಯವರು ತಮಗೆ ಮೋಸವಾಯಿತೆಂದು ಕೂಗಿದರು. ಗ್ಲೆನ್ ಮಾವ ಟೋಪಿಗಳನ್ನು ಒಂದರೊಳಗೊಂದು ಇಟ್ಟು, ಯಾರನ್ನೂ ನೋಡದೆ ಗೋಡೆಯ ಕಡೆ ತಿರುಗಿ ನಿಂತಿದ್ದ. ಪಕ್ಕದೂರಿನ ಕೋಚು ಏನು ಮಾಡಬೇಕೆಂದು ತೋಚದೆ ಮೆಲ್ಲಗೆ ಒಂದೆರಡು ಚಪ್ಪಾಳೆ ತಟ್ಟಿ ನಿಲ್ಲಿಸಿದ.

"ಎಲ್ರೂ ಕೂತ್ಕೊಳಿ!"

ಡೊರೀನಳ ಬಸ್ಸಿನ ಧ್ವನಿ. ಜಿಮ್ಮಿನಲ್ಲಿದ್ದ ಅರ್ಧ ಊರು ಎಳೆಯರಿದ್ದಾಗ ಅವಳ ಬಸ್ಸಿನಲ್ಲೇ ಶಾಲೆಗೆ ಹೋದದ್ದು. ಮೇಯರೂ ಸೇರಿ ಎಲ್ಲರೂ ಧಡಕ್ಕನೆ ಕೂತರು.

"ನೀನು ವೇಟಿಂಗ್ ಲಿಸ್ಟಲ್ಲಿರೋದು ನಂಗೆ ಗೊತ್ತಿತ್ತು ಕಣೋ. ನಿನ್ನ ಕಂಪ್ಯೂಟರಲ್ಲೇ ತಾನೆ ನಾನು ದಿನಾ ಮಳೆ ನೋಡೋದು?"

"ಗೊತ್ತಿತ್ತಾ? ಮತ್ಯಾಕಮ್ಮ ಸುಮ್ನಿದ್ದೆ?"

"ನೀನಾಗಿ ಯಾವಾಗ ಬಾಯ್ ಬಿಡ್ತೀಯ ಅಂತ ಕಾಯ್ತಿದ್ದೆ. ನಾನೂ ಒಂದು ವೇಟಿಂಗ್ ಲಿಸ್ಟಲ್ಲಿದ್ದೆ ಅಂತಿಟ್ಕೋ. ಈಗ ಹೇಳು, ನಿಂಗೆ ಎಲ್ಲಿಗೆ ಹೋಗ್ಬೇಕು ಅಂತಿದೆ?"

"ಹಾಗೆ ನೋಡಿದ್ರೆ ಲೇಕ್‌ಶೋರ್‌ಗೆ ಹೆಸರಿದೆ. ಪ್ಲಾಟ್ ವ್ಯಾಲಿ ಹತ್ತಿರ ಅನ್ನೋದೇನೋ ಸರಿ, ಆದ್ರೆ ಇನ್ನೊಂದು ರೀತಿ ನೋಡಿದ್ರೆ..."

"ರೀತಿ ಕೇಳ್ಲಿಲ್ಲ ನಾನು!"

ವಾರವೆಲ್ಲ ನುಂಗಿಕೊಂಡಿದ್ದದ್ದು ಎಲ್ಡನ್ನನ ಗಂಟಲಿಗೆ ಒಮ್ಮೆಲೇ ಬಂತು. "ನಂಗೆ ಹೋಗೋದು ಮುಖ್ಯ ಅಲ್ಲಮ್ಮ, ವಾಪಸ್ ಬರೋದು! ಹಾವ್ಲಿಕ್ ಡಾಕ್ಟ್ರು ಸೂಜಿ ಹಿಡಿದಾಗ ಕೈ ನಡುಗೋದನ್ನ ದಿನಾ ನೋಡ್ತೀನಿ. ಹೊಲಿಗೆ ಹಾಕೋವಾಗ ನನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೋತಾರೆ, ದೀಪ ಹಿಡಿಯೋಕೆ ಅಂತ. ದೀಪ ಅಲ್ಲ ನಾನು ಹಿಡಿಯೋದು, ಅವರ ಮೊಣಕೈ! ಅವರಾದ್ಮೇಲೆ ಈ ಊರಲ್ಲಿ ಯಾರಿದಾರೆ? ಹಳ್ಳಿಗೆ ವಾಪಸ್ ಹೋಗೋರನ್ನ ಪ್ಲಾಟ್ ವ್ಯಾಲಿಯೋರು ತಯಾರು ಮಾಡ್ತಾರೆ. ಅದಕ್ಕೆ ಅಲ್ಲಿಗೇ ಹೋಗ್ಬೇಕು. ಅಷ್ಟೆ!"

ತಾನು ಆರಿಸಿಬಿಟ್ಟಿದ್ದೇನೆಂದು ಎಲ್ಡನ್‌ಗೆ ಎಲ್ಲರಿಗಿಂತ ಕೊನೆಯಲ್ಲಿ ಗೊತ್ತಾಯಿತು. ಹಾವ್ಲಿಕ್ ಡಾಕ್ಟರು ತಮ್ಮ ಬಲಗೈಯನ್ನು ಮೆಲ್ಲಗೆ ಕೋಟಿನ ಜೇಬಿಗೆ ಸೇರಿಸಿಕೊಂಡರು.

"ಅದನ್ನೇ ಬರಿ" ಅಂದರು ಅವರು. "ನನ್ನ ಕೈ ವಿಷಯ ಬಿಟ್ಟು."

ಗ್ಲೆನ್ ಮಾವ ಗೋಡೆಯಿಂದ ತಿರುಗಿ ಬಂದ. ಮೂಗನ್ನು ಒರೆಸಿಕೊಂಡು, ಕುರ್ಚಿಯನ್ನು ಎಳೆದು ಹಾಕಿದ. "ಕೂತ್ಕೋ ಅಳಿಯ. ಮೇಜಂತೂ ಹಾಕಿದೀನಲ್ಲ."

ಹೀಗೆ ಆ ಕಾಗದ ಊರೆಲ್ಲರ ಮುಂದೆ ಬರೆಯಲ್ಪಟ್ಟಿತು. ಪ್ರತಿ ವಾಕ್ಯಕ್ಕೂ ತಿದ್ದುಪಡಿಗಳು ಬಂದವು. ರಕ್ತ ನೋಡಿದರೆ ಹೆದರಲ್ಲ ಅಂತ ಬರಿ ಅಂದರು ಆಗ್ನೆಸ್. ಹೆಬ್ಬೆರಳಿನ ವಿಷಯವಾಗಿ ಲೆಸ್ಟರ್ ಹೇಳಿದ್ದನ್ನು ಕೈಬಿಡಲಾಯಿತು. ಪ್ರಿನ್ಸಿಪಾಲರ ಕಂಪ್ಯೂಟರಿನಿಂದ ಕಾಗದ ಹೋಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಇಡೀ ಊರು ಕಂಪ್ಯೂಟರಿನ ಮೇಲೆ ಬಾಗಿತು. 'ಇದು ಯಂತ್ರ ಕಳಿಸಿದ ಉತ್ತರ. ದಯವಿಟ್ಟು ಇದಕ್ಕೆ ಪ್ರತ್ಯುತ್ತರಿಸಬೇಡಿ' ಎಂದಿತ್ತು.

ಮೇ ತಿಂಗಳು ಹೋಯಿತು. ಪ್ಲಾಟ್ ವ್ಯಾಲಿಯಿಂದ ಒಂದು ಸೊಲ್ಲಿಲ್ಲ. ಜೂನ್ ತಿಂಗಳೂ ಮುಗಿಯುತ್ತ ಬಂತು. ಬೇಕರಿಗೆ ಹೋದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು.

ಒಂದು ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಎಲ್ಡನ್ ಗ್ಲೆನ್ ಮಾವನ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡುತ್ತಿದ್ದ. ಮಾವ ತಾನಾಗಿ ಬರುವವನಲ್ಲವಾದ್ದರಿಂದ ಡೊರೀನ್ ಅವನನ್ನು ಹಿಡಿದು ತಂದು ಕೂರಿಸಿದ್ದಳು. ಎಲ್ಡನ್ನನ ಫೋನು ಹೊಡೆದುಕೊಂಡಿತು.

"ಎಲ್ಡನ್ ಪೆಶೆಕ್ ಅವರಾ? ನಾವು ಲೇಕ್‌ಶೋರ್ ವೈದ್ಯಕೀಯ ಕಾಲೇಜಿಂದ. ನಿಮಗೊಂದು ಸೀಟಿದೆ. ಬರ್ತೀರಾ?"

ಏನನ್ನೂ ಕಳಿಸಬೇಡಿ ಎಂದಿದ್ದವರು. ಅವನೂ ಅವರಿಗೆ ಏನನ್ನೂ ಕಳಿಸಿರಲಿಲ್ಲ. ಎಲ್ಡನ್ ಫೋನನ್ನು ದಿಟ್ಟಿಸಿ ನೋಡಿದ, ಅದು ಬೇರೆ ಯಾರದೋ ಫೋನೇನೋ ಎಂಬಂತೆ.

"ಲೇಕ್‌ಶೋರಾ? ಆದ್ರೆ ನಾನು ಪ್ಲಾಟ್ ವ್ಯಾಲಿಗೆ... ಒಂದೆರಡು ದಿನ ಯೋಚಿಸಿ..."

"ಎಲ್ಡನ್!" ಎಂದು ಮೂರು ಗಂಟಲುಗಳು ಒಟ್ಟಿಗೇ ಕೂಗಿದವು. ಮೂರನೆಯದು ಹಾವ್ಲಿಕ್ ಡಾಕ್ಟರದು, ಒಳಕೋಣೆಯಿಂದ. ಮಾವನ ರಕ್ತದೊತ್ತಡದ ಮುಳ್ಳು ಮೇಲಕ್ಕೆ ಹಾರಿತು.

"ಅಲ್ಲಿ ಏನಾದ್ರೂ ಅಪಘಾತ ಆಯ್ತಾ?" ಎಂದಿತು ಫೋನು.

ಡೊರೀನ್ ಫೋನನ್ನು ಕಿತ್ತುಕೊಂಡಳು. "ನಾನು ಅವನ ತಾಯಿ. ಬರ್ತಾನೆ."

"ಕ್ಷಮಿಸಿ ಅಮ್ಮ, ಅವರೇ ಹೇಳ್ಬೇಕು."

"ಡಾಕ್ಟ್ರೇ," ಎಂದು ಎಲ್ಡನ್ ಒಳಕೋಣೆಯ ಬಾಗಿಲಿನ ಕಡೆ ತಿರುಗಿದ, "ಅಷ್ಟು ದೂರ ಹೋದ್ರೆ ವಾಪಸ್..."

"ಮಿಲ್ವಾಕಿಯಿಂದ ಇಲ್ಲಿಗೆ ರಸ್ತೆ ಇಲ್ವೇನೋ?" ಹಾವ್ಲಿಕ್ ಬಾಗಿಲಿಗೆ ಬಂದು ನಿಂತರು. "ನಾನೂ ಆ ಕಡೆಯಿಂದ್ಲೇ ಬಂದವಳು. ಒಂದು ವರ್ಷ ಇದ್ದು ಹೋಗೋಣ ಅಂತ ಬಂದಿದ್ದೆ. ಇನ್ನೂ ತೀರ್ಮಾನ ಮಾಡ್ತಿದೀನಿ."

ಡೊರೀನ್ ಫೋನನ್ನು ಮಗನ ಬಾಯಿಗೆ ಹಿಡಿದಳು, ಎಳೆಯ ಮಗುವಿಗೆ ಚಮಚ ಹಿಡಿಯುವಂತೆ.

"ಬರ್ತೀನಿ" ಅಂದ ಎಲ್ಡನ್.

ಅಂದವನೇ ರೋಗಿಗಳ ಬೆಂಚಿನ ಮೇಲೆ ಕುಸಿದು ಕೂತ. ಡೊರೀನ್ ಕಿಟಕಿಯ ಕಡೆ ತಿರುಗಿ, ಹೊರಗೆ ನಿಂತಿದ್ದ ತನ್ನ ಬಸ್ಸನ್ನು ಅನಗತ್ಯವಾಗಿ ಬಹಳ ಹೊತ್ತು ನೋಡಿದಳು. ಗ್ಲೆನ್ ಮಾವ ತೋಳಿನ ಪಟ್ಟಿಯನ್ನೂ ಬಿಚ್ಚದೆ ಅಳಿಯನ ಕಡೆ ವಾಲಿದ.

"ಅಳಿಯ, ಸೇರ್ತೀನಿ ಅನ್ನೋದಕ್ಕೆ ಎಲ್ಲಾದ್ರೂ ಸಹಿ ಗಿಹಿ ಹಾಕ್ಬೇಕಾಗತ್ತಾ?"

"ಹಾಕ್ಬೇಕು ಮಾವ."

"ಸರಿ. ಗಲಾಟೆ ಏನೂ ಬೇಡ. ನಾನು ಪಕ್ಕದಲ್ಲಿ ನಿಂತಿರ್ತೀನಿ, ಅಷ್ಟೆ" ಅಂದ ಮಾವ.

"ಸಹಿ ಆಮೇಲೆ ಹಾಕುವಿಯಂತೆ" ಅಂದರು ಹಾವ್ಲಿಕ್ ಡಾಕ್ಟರು. "ಎದ್ದೇಳು ಮೊದ್ಲು. ಒಳಗೆ ಲೆಸ್ಟರ್ ಆಗಿಂದ ಅಂಗಿ ಬಿಚ್ಕೊಂಡು ಕೂತಿದಾನೆ, ಚಳಿ ಆಗ್ತಿದೆಯಂತೆ. ಬಂದಿರೋದು ಹೆಬ್ಬೆರಳಿಗೆ. ಅಂಗಿ ಯಾಕೆ ಬಿಚ್ಚಿದಾನೆ ಅಂತ ನೀನೇ ಕೇಳು."